ಕೌದಿಯಾಚೆಯ ದನಿ

ರಾಯಚೂರಿನಲ್ಲಿ ಇನ್ನೂ ಸೂರ್ಯ ಮೂಡಿಲ್ಲ. ಬಾಡಿಗೆ ಕೋಣೆಯೊಂದರಲ್ಲಿ ಬಟ್ಟೆ ಒಣಹಾಕುವ ಹಗ್ಗದ ತುಂಬ ಹಳೆ ಬಟ್ಟೆ ಹೊಲಿದ ದಪ್ಪ ಕೌದಿಗಳು ನೇತಾಡುತ್ತಿವೆ. ಅವುಗಳ ಒಳಗೆ ಒಂದು ಸ್ಟೂಲು, ಒಂದು ಮೈಕು, ಮನೆ ಮಾಲಕಿ ಸೂಗಮ್ಮ. ಹೊರಗೆ ಲ್ಯಾಪ್‌ಟಾಪ್ ಹಿಡಿದು ನೆಲದ ಮೇಲೆ ಕೂತಿರುವವಳು ಡಿಗ್ರಿ ವಿದ್ಯಾರ್ಥಿನಿ ಸ್ವಪ್ನಾ. ಫ್ಯಾನ್ ಬಂದ್.

"ಲಗೂನ ಮುಗಸ್ ಬೇ, ಒಳಗ ಸುಟ್ಟ ಬದನಿಕಾಯಿ ಆಗಾಕತ್ತೀನಿ!"

"ಸುಮ್ನಿರ್ ಯವ್ವಾ, ನಿನ್ನ ಬೈಗುಳಾನೂ ರೆಕಾರ್ಡ್ ಆಗಾಕತ್ಯಾವ."

ದೇವದುರ್ಗದ ಸ್ವಪ್ನಾ ಕಲಿಯುತ್ತಿರುವುದು ಸಂಗೀತ ನಿರ್ಮಾಣ. ಹಾಡುವುದಲ್ಲ, ಹಾಡನ್ನು ಹಿಡಿಯುವುದು, ಕತ್ತರಿಸುವುದು, ಜೋಡಿಸುವುದು. ಬಿಸಿಲೇರಿದರೆ ಫ್ಯಾನ್ ಬೇಕೇ ಬೇಕು, ಹಾಕಿದರೆ ಅದರದೇ ಸದ್ದು. ಹಾಗಾಗಿ ಅವಳ ಸ್ಟುಡಿಯೊ ತೆರೆಯುವುದು ನಸುಕಿನಲ್ಲಿ ಮಾತ್ರ. ಕೌದಿ ಯಾಕೆ? ದನಿ ಗೋಡೆಗೆ ಬಡಿದು ವಾಪಸ್ ಬರಬಾರದಲ್ಲ!

ಮಾನ್ವಿ ಕಡೆಯ ಮಲ್ಲಟದಿಂದ ಬಂದ ಸೂಗಮ್ಮ, ಓಣಿಯ ಸೋಮವಾರದ ಭಜನೆಯಲ್ಲಿ ಮೊದಲ ಸಾಲು ಎತ್ತುವವರು. ಇವತ್ತು ಸೋಮವಾರವೇ. ಮಧ್ಯಾಹ್ನ ಸ್ವಪ್ನಾ ಅವರ ಹಾಡನ್ನು ಕಾಲೇಜಿಗೆ ಒಪ್ಪಿಸಬೇಕು. ಹೋದ ವಾರ ರೆಕಾರ್ಡ್ ಮಾಡಿದ್ದನ್ನು ಕೇಳಿ ಸೂಗಮ್ಮ ಹೆಡ್‌ಫೋನ್ ಕಿತ್ತಿಟ್ಟಿದ್ದರು. "ಯಾಕ ಹಿಂಗ ಓಡಾಕತ್ತೀನಿ? ನಾಯಿ ಬೆನ್ನ ಹತ್ಯಾವೇನು? ಅಳಿಸಿಬಿಡು."

ಆಗಿದ್ದಿಷ್ಟು. ಸೂಗಮ್ಮ ಪ್ರತಿ ಸಾಲಿನ ನಂತರ ನಿಲ್ಲುತ್ತಿದ್ದರು. ದಣಿದಿದ್ದಾರೆ ಅಂದುಕೊಂಡ ಸ್ವಪ್ನಾ ಆ ಖಾಲಿ ಜಾಗಗಳನ್ನೆಲ್ಲ ಕತ್ತರಿಸಿ ಎಸೆದಿದ್ದಳು. ಆದರೆ ಅದು ಉಳಿದ ಹೆಂಗಸರ ಜಾಗ! ಒಬ್ಬರು ಎತ್ತಿದ ಸಾಲನ್ನು ಎಲ್ಲರೂ ತಿರುಗಿ ಹಾಡಬೇಕು. ಹಾಡದಿದ್ದರೆ ಸೂಗಮ್ಮನಿಗೆ ಮುಂದಿನ ಸಾಲು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಇವತ್ತೂ ಮೊದಲ ಸಾಲಿಗೇ ನಿಂತರು. "ಎತ್ತಿಕೊಳ್ಳೋರು ಯಾರ್ ಅದಾರ ಬೇ ಇಲ್ಲಿ? ಕೌದಿ ಹಾಡ್ತಾವೇನು?"

"ನನ್ನ ದನಿ ಚಂದಿಲ್ಲ ಯವ್ವಾ. ನಾ ಬರೇ ಬಟನ್ ಒತ್ತಾಕಿ."

"ಚಂದ ಯಾರ್ ಕೇಳ್ಯಾರ? ಮುಂದ ಹೋಗಾಕ ದಾರಿ ಕೊಡು."

ಸ್ವಪ್ನಾ ಗಂಟಲು ಸರಿಮಾಡಿಕೊಂಡು ಕೌದಿಯಾಚೆಯಿಂದಲೇ ಹಾಡುತ್ತಾಳೆ. ಮೊದಲು ಅಳುಕುತ್ತ. ಒಳಗಿಂದ ಎರಡನೇ ಸಾಲು ತಟ್ಟನೆ ಬರುತ್ತದೆ, ಮೂರನೆಯದು ಇನ್ನೂ ಜೋರಾಗಿ. ಹಾಡು ಮುಗಿದ ಮೇಲೆ ಫ್ಯಾನ್ ಹಾಕಿ ಇಬ್ಬರೂ ಕೇಳುತ್ತಾರೆ. ಸ್ವಪ್ನಾಳ ದನಿ ಪಕ್ಕದ ಮನೆಯಿಂದ ಬಂದಂತೆ ಮೆತ್ತಗೆ ಕೇಳಿಸುತ್ತದೆ. ಅದನ್ನು ಅಳಿಸಲು ಅವಳ ಕೈ ಹೋಗುತ್ತದೆ. ಸೂಗಮ್ಮ ಆ ಕೈಯನ್ನು ಹಿಡಿಯುತ್ತಾರೆ.

"ಇರ್ಲಿ ಬಿಡು. ಈಗ ಹಾಡಿನಾಗ ಮಂದಿ ಅದಾರ."

ಕಾಲೇಜಿನವರು ಏನನ್ನಬಹುದು ಎಂದು ಸೂಗಮ್ಮ ಕೇಳುತ್ತಾರೆ. ಸ್ವಪ್ನಾ ನಗುತ್ತಾಳೆ.

"ಮಾರ್ಕ್ಸ್ ಎಷ್ಟರ ಬರ್ಲಿ ಯವ್ವಾ. ಸಂಜಿ ಭಜನಿಯೊಳಗ ಈ ಹಾಡು ಹಚ್ಚತೀನಿ. ನಿನ್ನ ಕಡೀ ಸಾಲು ಆದ ಮ್ಯಾಲ ನಾ ಹಾಡಿಲ್ಲ, ಜಾಗ ಹಂಗೇ ಬಿಟ್ಟೀನಿ. ಓಣಿ ಮಂದಿ ಎತ್ತಿಕೊಂಡ್ರಂದ್ರ, ನಾ ಪಾಸ್."