ಶನಿವಾರದ ತಾರೀಕಿನ ಚೆಕ್ಕು

ಮೆಲ್ಕಾರಿನ ಗುಜರಿ ಅಂಗಡಿಯ ಮೊಯಿದಿನಬ್ಬ ತುಕ್ಕು ಹಿಡಿದ ಕಬ್ಬಿಣವನ್ನು ಕೈಯಲ್ಲಿ ಎತ್ತಿಯೇ ಎಷ್ಟು ಕಿಲೋ ಎಂದು ಹೇಳಬಲ್ಲ. ಕಾಗದ ಓದುವ ಅಭ್ಯಾಸ ಮಾತ್ರ ಇಲ್ಲ. ಬೆಳ್ತಂಗಡಿ ಕಡೆಯ ರುಕ್ಮಯ್ಯ ಗೌಡರು ಕೊಟ್ಟ ಚೆಕ್ಕನ್ನು ಬಿಡಿಸಿ ನೋಡುವುದೇ ಅವರಿಗೆ ಮಾಡುವ ಅವಮಾನ ಎಂದು ತಿಳಿದ ಆಸಾಮಿ. ಮೂವತ್ತು ವರ್ಷದ ವ್ಯವಹಾರ ಅವರದು. ಗುರುವಾರ ಸಂಜೆ ಗೌಡರು ರಬ್ಬರ್ ಶೀಟ್ ಮಾಡುವ ಹಳೆಯ ರೋಲರನ್ನು ಕೊಂಡು ಪಿಕಪ್‌ಗೆ ಹೇರಿಸಿ, ತೊಂಬತ್ತು ಸಾವಿರದ ಚೆಕ್ಕು ಕೊಟ್ಟು ಹೋದಾಗಲೂ ಅದನ್ನು ಹಾಗೆಯೇ ಮಡಚಿ ಕಿಸೆಗೆ ಹಾಕಿದ್ದ.

ಅದು ಅಂತಿಂಥ ದುಡ್ಡಲ್ಲ. ಅವನೂ ಹೆಂಡತಿ ಖದೀಜಳೂ ಉಮ್ರಾ ಯಾತ್ರೆಗೆ ಹೊರಟಿದ್ದರು. ಒಬ್ಬರ ಸೀಟಿಗೆ ಆಗುವಷ್ಟು ಖಾತೆಯಲ್ಲಿತ್ತು, ಇನ್ನೊಬ್ಬರದ್ದು ಈ ಚೆಕ್ಕಿನಲ್ಲಿ. ಶುಕ್ರವಾರ ಐದು ಗಂಟೆಗೆ ಯಾತ್ರೆ ಏಜೆನ್ಸಿಯ ಅಸ್ಕರ್ ಹೆಸರಿನ ಪಟ್ಟಿ ಮುಚ್ಚುತ್ತಾನೆ. ಸಾಲದ ದುಡ್ಡಿನಲ್ಲಿ ಆ ಪವಿತ್ರ ನೆಲಕ್ಕೆ ಕಾಲಿಡುವುದು ಬೇಡ ಎಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು.

ಶುಕ್ರವಾರ ಹತ್ತಕ್ಕೇ ಬಂಟ್ವಾಳದ ಬ್ಯಾಂಕಿನಲ್ಲಿ ನಿಂತ.

"ಈಗ ಮೊದಲಿನ ಹಾಗೆ ಎರಡು ಮೂರು ದಿನ ಕಾಯ್ಲಿಕ್ಕಿಲ್ಲ. ಬೆಳಿಗ್ಗೆ ಹಾಕಿದ್ರೆ ಇವತ್ತೇ ಬರ್ತದೆ," ಎನ್ನುತ್ತಾ ಕೌಂಟರಿನ ತೃಪ್ತಿ ಚೆಕ್ಕು ಬಿಡಿಸಿದಳು. ಆಮೇಲೆ ಅವನ ಮುಖ ನೋಡಿದಳು. "ಇದರಲ್ಲಿ ನಾಳೆಯ ತಾರೀಕು ಉಂಟಲ್ಲ? ಇವತ್ತು ತೆಗೊಳ್ಲಿಕ್ಕೆ ಆಗುದಿಲ್ಲ."

ಮೊಯಿದಿನಬ್ಬ ಚೆಕ್ಕನ್ನು ವಾಪಸ್ ತೆಗೆದುಕೊಂಡ. ಹೊರಗೆ ಬಂದು ಗೌಡರಿಗೆ ಫೋನ್ ಮಾಡಿದ.

"ಹೌದು ಸಾಹೇಬ್ರೆ, ಬೇಕೂಂತಲೇ ಹಾಕಿದ್ದು," ಎಂದರು ಗೌಡರು, ನಗುನಗುತ್ತಾ. "ಶುಕ್ರವಾರ ನಮ್ಮ ಮನೆಯಿಂದ ಲಕ್ಷ್ಮಿ ಹೊರಗೆ ಹೋಗ್ಲಿಕ್ಕಿಲ್ಲ ಅಲ್ವಾ, ನಮ್ಮ ಪೂವಮ್ಮ ಬಿಡ್ಲಿಕ್ಕಿಲ್ಲ. ಯಾಕೆ, ಅರ್ಜೆಂಟ್ ಉಂಟಾ? ಇದ್ರೆ ಹೇಳಿ ಮಾರಾಯ್ರೆ, ಅವಳ ಹತ್ರ ಕೇಳಿ ನೋಡ್ತೇನೆ."

ಒಂದು ಮಾತು ಸಾಕಿತ್ತು. ಉಮ್ರಾ ಎಂದರೆ ಗೌಡರು ಹೆಂಡತಿಯನ್ನು ಒಪ್ಪಿಸಿ, ಬ್ಯಾಂಕಿಗೆ ಓಡಿ, ಗಂಟೆಯೊಳಗೆ ದುಡ್ಡು ಕಳಿಸುವವರೇ. ಮಾತು ಮೊಯಿದಿನಬ್ಬನ ನಾಲಿಗೆಯ ತುದಿಗೂ ಬಂತು. ಆದರೆ ಅವನಿಗೆ ಬೇರೊಂದು ಶುಕ್ರವಾರ ನೆನಪಾಯಿತು. ಗೌಡರ ಮಿಶಿನ್ನಿನ ಬೇರಿಂಗ್ ಮುರಿದಿತ್ತು, ಟ್ರೇಗಳಲ್ಲಿ ರಬ್ಬರ್ ಹಾಲು ಗಟ್ಟಿಯಾಗುತ್ತಿತ್ತು. ಜುಮಾ ನಮಾಜು ಮುಗಿಯದೆ ಮೊಯಿದಿನಬ್ಬ ಶಟರ್ ಎತ್ತುವವನಲ್ಲ. ಬೇರಿಂಗ್ ಕೇಳಿ ಬಂದ ಗೌಡರು ಅಂಗಡಿಯೆದುರು ಬಿಸಿಲಲ್ಲಿ ಎರಡು ಗಂಟೆ ಕೂತಿದ್ದರು. ಒಂದು ಫೋನ್ ಕೂಡ ಮಾಡಿರಲಿಲ್ಲ.

"ಅರ್ಜೆಂಟ್ ಏನಿಲ್ಲ ಗೌಡ್ರೆ," ಎಂದುಬಿಟ್ಟ.

ಹೇಳಿದ ಮರುಕ್ಷಣವೇ ತನ್ನ ಮೇಲೆ ಸಿಟ್ಟು ಬಂತು. ಜುಮಾದಲ್ಲಿ ಕೂತರೂ ಮನಸ್ಸು ಗಡಿಯಾರದ ಮೇಲೆ. ಮೂರಕ್ಕೆ ಫೋನ್ ಕೈಗೆತ್ತಿಕೊಂಡ, ಗೌಡರ ನಂಬರ್ ತೆಗೆದ, ಇಟ್ಟ. ಮೂರೂವರೆಗೆ ಮತ್ತೆ ತೆಗೆದ. ಈಗ ಮಾಡಿದರೂ ಆಗುತ್ತಿತ್ತು. ನಾಲ್ಕು ದಾಟಿತು, ಬ್ಯಾಂಕಿನ ಬಾಗಿಲೂ ಹಾಕಿರಬೇಕು. ಏಜೆನ್ಸಿಗೆ ನಡೆದ.

"ಮೊಯಿದಿನಾಕ, ಬೇಗ ಹೇಳಿ. ಎರಡು ಹೆಸರಾ, ಒಂದಾ?" ಅಸ್ಕರ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಹೆಂಗಸರು ಗುಂಪಿನ ಜೊತೆ ಒಬ್ರೇ ಬರ್ಬಹುದಲ್ಲ?"

"ಬರ್ಬಹುದು. ಈ ಸಲ ಹಾಗೆ ಬರುವವರು ಐದು ಜನ ಇದ್ದಾರೆ."

ಮೊಯಿದಿನಬ್ಬ ಎರಡು ಪಾಸ್‌ಪೋರ್ಟನ್ನೂ ತೆಗೆದು, ತನ್ನದನ್ನು ವಾಪಸ್ ಕಿಸೆಗೆ ಹಾಕಿಕೊಂಡು, ಖದೀಜಳದ್ದನ್ನು ಮೇಜಿನ ಮೇಲಿಟ್ಟ.

ವಿಷಯ ಕೇಳಿದ ಖದೀಜ ಅಂದು ರಾತ್ರಿ ಅವನೊಬ್ಬನಿಗೇ ಊಟ ಬಡಿಸಿ ಒಳಗೆ ಹೋದಳು.

ಮರುದಿನ ಚೆಕ್ಕು ಹಾಕಿ ಬಂದ. ಮಧ್ಯಾಹ್ನ ದುಡ್ಡು ಖಾತೆಗೆ ಬಿತ್ತು, ಹಿಂದೆಯೇ ಗೌಡರ ಫೋನ್. ಖದೀಜ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳ ಕಣ್ಣು ಕೆಂಪಾಗಿತ್ತು.

"ಬಂತಾ ಸಾಹೇಬ್ರೆ? ನನ್ನಿಂದ ನಿಮಗೆ ತೊಂದರೆ ಏನೂ ಆಗ್ಲಿಲ್ಲ ಅಲ್ವಾ?"

ಮೊಯಿದಿನಬ್ಬ ಹೆಂಡತಿಯ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದ.

"ಎಂಥ ತೊಂದರೆ ಗೌಡ್ರೆ? ಸರಿಯಾದ ಹೊತ್ತಿಗೇ ಬಂತು."