ದಾನವ್ವನಿಗಾಗಿ ಕಟ್ಟಿದ ಗಾಳಿಮರೆ

ಮುಂಬಯಿಯ ಧಾರಾವಿಯಲ್ಲಿ, ಒಂದು ಗಲ್ಲಿಯೊಳಗೆ ಅಂಗಡಿಗಳ ಬೋರ್ಡು ಮಾಡುವ ಕಾರ್ಖಾನೆ ಇದೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಕೆಳಗೊಂದು ಕೋಣೆ, ಕಬ್ಬಿಣದ ಏಣಿ ಹತ್ತಿದರೆ ಮೇಲೊಂದು. ವಿಜಯಪುರ ಕಡೆಯ ಗದಿಗೆಪ್ಪ ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಅಕ್ರಿಲಿಕ್ ಶೀಟು ಕೊಯ್ದು, ಕಾಯಿಸಿ, ಬಗ್ಗಿಸಿ ಅಕ್ಷರ ಮಾಡುತ್ತಾನೆ. ಮರಾಠಿ, ಗುಜರಾತಿ, ಇಂಗ್ಲಿಷು, ಯಾವುದನ್ನು ಕೊಟ್ಟರೂ ಕೂದಲೆಳೆಯಷ್ಟೂ ತಪ್ಪದೆ ಕೊಯ್ಯುವ ಕೈ. ಓದಲು ಮಾತ್ರ ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ. ಮಾತಿನಲ್ಲೂ ಮನುಷ್ಯ ಜಿಪುಣ. ಮದುವೆಯಾದಾಗಿನಿಂದ ಹೆಂಡತಿ ದಾನವ್ವನನ್ನು ಒಮ್ಮೆಯಾದರೂ "ಹೆಂಗಿದ್ದಿ" ಎಂದು ಕೇಳಿದವನಲ್ಲ. ಕೆಟ್ಟವನೆಂದಲ್ಲ. ಕೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ, ಅಷ್ಟೇ.

ದಾನವ್ವನದು ವಿಕ್ರೋಳಿಯ ಒಂದು ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುವ ಕೆಲಸ. ಸಾಯನ್‌ನಲ್ಲಿ ಲೋಕಲ್ ರೈಲು ಹಿಡಿದು ಹೋಗಿಬರುತ್ತಿದ್ದಳು. ಕಳೆದ ದೀಪಾವಳಿ ಮುಗಿದ ಮೇಲೆ ಒಂದು ದಿನ, "ಸ್ಟೇಷನ್ ಬ್ರಿಜ್ ಹತ್ತೂದು ಆಗವಲ್ದ್ರಿ" ಅಂದಳು. ಐವತ್ತರ ಹತ್ತಿರ ಬಂದ ಹೆಂಗಸು, ಮೊಣಕಾಲು ನೋವಿರಬೇಕು ಎಂದು ಗದಿಗೆಪ್ಪ ತಾನೇ ತೀರ್ಮಾನಿಸಿಬಿಟ್ಟ. ಮರುದಿನದಿಂದ ಅವಳನ್ನು ತನ್ನ ಹಳೆಯ ಮೋಟಾರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕ್ಯಾಂಟೀನಿನ ಬಾಗಿಲಿಗೇ ಬಿಟ್ಟುಬರತೊಡಗಿದ.

ಡಿಸೆಂಬರಿನ ಒಂದು ಬೆಳಿಗ್ಗೆ, ಹೈವೇ ಮೇಲೆ ಘಾಟ್‌ಕೋಪರ್ ದಾಟುತ್ತಿದ್ದಾಗ ದಾನವ್ವ ಅವನ ಬೆನ್ನು ತಟ್ಟಿ ಏನೋ ಅಂದಳು. ಇಬ್ಬರ ತಲೆಯ ಮೇಲೂ ಹೆಲ್ಮೆಟ್ಟು, ಪಕ್ಕದಲ್ಲಿ ಟ್ಯಾಂಕರಿನ ಗದ್ದಲ.

"ಏನಂದಿ?"

"ಗಾಳಿ ಸಾಕಾಗ..." ಎಂಬಷ್ಟು ಕೇಳಿಸಿತು. ಮಾತಿನ ಬಾಲ ಹಿಂದಕ್ಕೆ ಹಾರಿಹೋಯಿತು. ಗಾಳಿ ಸಾಕಾಗೈತ್ರಿ ಅಂದಿರಬೇಕು. ಚಳಿಗಾಲದ ಬೆಳಗು, ಮುಖಕ್ಕೆ ರಪರಪ ಹೊಡೆಯುವ ಗಾಳಿ ಯಾರಿಗೆ ತಾನೇ ಸಾಕಾಗುವುದಿಲ್ಲ? ಗದಿಗೆಪ್ಪ ತಲೆಯಾಡಿಸಿದ. ಒಳಗೊಳಗೇ ಅವನಿಗೆ ಖುಷಿಯೂ ಆಯಿತು. ಇಷ್ಟು ವರ್ಷಕ್ಕೆ ಅವಳು ಅವನ ಕೈಯಿಂದ ಆಗುವಂಥದ್ದನ್ನು ಕೇಳಿದ್ದಳು.

ಆ ಭಾನುವಾರವೇ ಕುರ್ಲಾಕ್ಕೆ ಹೋಗಿ ಗಾಳಿ ತಡೆಯುವ ರೆಡಿಮೇಡ್ ವೈಸರ್ ಒಂದನ್ನು ತಂದು ಹೆಡ್‌ಲೈಟಿನ ಮೇಲೆ ಕೂರಿಸಿದ. ಅಂಗೈ ಅಗಲದ ಅದು ಎದೆಗೆ ಬರುವ ಗಾಳಿಯನ್ನು ಎತ್ತಿ ನೇರ ಹೆಲ್ಮೆಟ್ಟಿಗೆ ಬಡಿಯಿತು. ವಿಕ್ರೋಳಿ ಮುಟ್ಟುವಷ್ಟರಲ್ಲಿ ಅವನ ತಲೆ ಡೋಲಾಗಿತ್ತು. ಅಂಗಡಿಯವನ ವಂಶವನ್ನೆಲ್ಲ ಬೈದು ಮುಗಿಸಿ, ಇದು ಕೊಂಡು ತರುವ ಮಾಲಲ್ಲ, ಮಾಡುವ ಮಾಲು ಎಂದು ಅಂಗಿಯ ತೋಳು ಮಡಚಿದ.

ಕಾರ್ಖಾನೆಯಲ್ಲಿ ಉಳಿದ, ಗಾಜಿನ ಹಾಗೆ ಆಚೆ ಕಾಣುವ ದಪ್ಪ ಅಕ್ರಿಲಿಕ್ ತುಂಡೊಂದನ್ನು ಬಿಸಿಗಾಳಿ ಊದುವ ಹೀಟ್ ಗನ್ನಿನಿಂದ ಕಾಯಿಸಿ, ಗೋಣಿಚೀಲದ ಮೇಲೆ ಒತ್ತಿ, ಮೊರದ ಹಾಗೆ ಬಾಗಿಸಿದ. ಅಲ್ಯೂಮಿನಿಯಂ ಪಟ್ಟಿಯ ಕಾಲು ಕೊಟ್ಟು ಹ್ಯಾಂಡಲ್ಲಿನ ಮುಂದೆ ನಿಲ್ಲಿಸಿದ. ನಡುಗಿ ಸೀಳಬಾರದೆಂದು ಹಳೆಯ ಟ್ಯೂಬು ಕತ್ತರಿಸಿ ವಾಶರ್ ಹಾಕಿದ. ಗಾಳಿ ಎಲ್ಲಿ ನುಗ್ಗುತ್ತದೆಂದು ತಿಳಿಯಲು ಉಲನ್ ಎಳೆಗಳನ್ನು ಟೇಪಿನಿಂದ ಗಾಜಿಗೂ, ತನ್ನ ಭುಜಕ್ಕೂ, ದಾನವ್ವನ ತೋಳಿಗೂ ಅಂಟಿಸಿ ಗಾಡಿ ಓಡಿಸಿದ. ಎಳೆ ಹಾರಿದಲ್ಲಿ ಗಾಳಿ ಇದೆ, ಬಿದ್ದಲ್ಲಿ ಇಲ್ಲ. ಗಾಜಿನ ಮೇಲಂಚನ್ನು ಹೊರಕ್ಕೆ ಬಗ್ಗಿಸಿ ಗಾಳಿಯನ್ನು ಇಬ್ಬರ ತಲೆಯ ಮೇಲಿಂದ ಹಾಯಿಸಿದ. ಎಣ್ಣೆಯ ಕ್ಯಾನು ಕೊಯ್ದು ಹ್ಯಾಂಡಲ್ಲಿಗೆ ಕೈಮರೆ ಮಾಡಿದ. ಕೆಳಗೆ ಉಳಿದಿದ್ದ ಸಂದಿಗೆ ರಬ್ಬರಿನ ಪರದೆ ಇಳಿಬಿಟ್ಟ.

ಬಿಲ್ಡಿಂಗಿನವರಿಗೆ ಹಬ್ಬವೋ ಹಬ್ಬ. "ಗದಿಗೆಪ್ಪಣ್ಣನ ಟೆಲಿಫೋನ್ ಬೂತ್ ಹೊಂಟಿತು ನೋಡ್ರಿ" ಎಂದು ಪಕ್ಕದ ಕೋಣೆಯ ಸೋಮನಾಥ ದಿನಾ ಕೂಗುತ್ತಿದ್ದ. ಆದರೆ ನಳದ ಮುಂದೆ ಹೆಂಗಸರು ದಾನವ್ವನಿಗೆ ಹೇಳುತ್ತಿದ್ದುದೇ ಬೇರೆ: "ಎಂಥಾ ಗಂಡನ್ನ ಪಡದೀ ಬಿಡವ್ವಾ." ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ಈಗ ಗಾಳಿ ಹೆಂಗೈತಿ?" ಕ್ಯಾಂಟೀನಿನ ಬಾಗಿಲಲ್ಲಿ ಇಳಿಸುವಾಗಲೆಲ್ಲ ಗದಿಗೆಪ್ಪ ಕೇಳುತ್ತಿದ್ದ.

"ಒಟ್ಟ ಬರೂದಿಲ್ರಿ ಈಗ."

ಆ ಉತ್ತರಕ್ಕೆ ಅವನ ಎದೆಯುಬ್ಬುತ್ತಿತ್ತು.

ಫೆಬ್ರವರಿಯಲ್ಲಿ ಗಾಡಿ ಎಡಕ್ಕೆ ಎಳೆಯತೊಡಗಿತು. ಕನ್ನಡಿಯಲ್ಲಿ ನೋಡಿದರೆ ದಾನವ್ವ ಗಾಜಿನ ಮರೆಯಿಂದ ಹೊರಗೆ ಮುಖ ಚಾಚಿ, ಹೆಲ್ಮೆಟ್ಟಿನ ಮುಂಗಾಜು ಎತ್ತಿ ಕೂತಿದ್ದಳು.

"ಸರಿಯಾಗಿ ಕುಂದ್ರ. ಬ್ಯಾಲೆನ್ಸ್ ಹೋಗತೈತಿ."

ಅವಳು ಒಳಗೆ ಸರಿದಳು. ಮರುದಿನ ಮತ್ತೆ ಹಾಗೇ. ರಸ್ತೆ ನೋಡುವ ಚಟ ಇವಳಿಗೆ, ಇನ್ನು ಕಿವಿಗೆ ಗಾಳಿ ಹೊಕ್ಕು ಕೂತೀತು ಎಂದುಕೊಂಡು ಗದಿಗೆಪ್ಪ ಗಾಜಿಗೆ ಎರಡೂ ಬದಿಯಲ್ಲಿ ರೆಕ್ಕೆ ಕೂರಿಸಿದ. ಎಡಗಡೆಯದು ಒಂದು ಗೇಣು ಹೆಚ್ಚು. ಅವಳು ಎಷ್ಟೇ ವಾಲಿದರೂ ಈಗ ಒಂದು ಎಳೆಯೂ ಅಲುಗುತ್ತಿರಲಿಲ್ಲ. ಅವನು ಮಾಡಿದ ಕೆಲಸಗಳಲ್ಲೆಲ್ಲ ಚೊಕ್ಕ ಕೆಲಸ ಅದೇ.

ಏಪ್ರಿಲ್ ಎರಡನೇ ವಾರ ದಾನವ್ವ ಕ್ಯಾಂಟೀನಿನ ಒಲೆಯ ಮುಂದೆ ಕುಸಿದು ಬಿದ್ದಳು. ಜೊತೆಯವರು ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಗದಿಗೆಪ್ಪ ಹೋಗುವಷ್ಟರಲ್ಲಿ ಮಗಳು ಶೀತಲ ವಿಲೆ ಪಾರ್ಲೆಯ ಅಂಗಡಿಯ ಕೆಲಸ ಬಿಟ್ಟು ಓಡಿಬಂದಿದ್ದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಆಡುವಾಗ ಎಡವುತ್ತಾಳೆ.

ಹೃದಯ ಸೋತಿದೆ, ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದು ಡಾಕ್ಟರು ಹಿಂದಿಯಲ್ಲಿ ಹೇಳಿದರು. ಐದಾರು ತಿಂಗಳಿಂದ ಉಸಿರು ಸಾಲದೆ ಒದ್ದಾಡಿರಬೇಕು. ಮೆಟ್ಟಿಲು ಹತ್ತಲು ಆಗುತ್ತಿತ್ತೇ, ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲವೇ ಎಂದು ಕೇಳಿದರು.

"ಹೇಳಿಲ್ಲ ಸಾಬ್" ಅಂದ ಗದಿಗೆಪ್ಪ.

"ಹೇಳಿದ್ಳು ಪಪ್ಪಾ" ಎಂದು ಶೀತಲ ಅಳತೊಡಗಿದಳು. "ನನ್ಗೆ ಡೈಲಿ ಹೇಳ್ತಿದ್ಳು. ಗಾಳಿ ಸಾಕಾಗವಲ್ದು, ಗಾಳಿ ಸಾಕಾಗವಲ್ದು ಅಂತ. ರೂಮ್‌ನಲ್ಲಿ ಹವಾ ಕಮ್ಮಿ ಅಂತ ಅನ್ಕೊಂಡೆ. ಅದಕ್ಕೇ ತೋ ಆ ಟೇಬಲ್ ಫ್ಯಾನ್ ತಂದೆ ನಾನು."

"ಸಾಕಾಗೈತಿ ಅಂದಿದ್ಲು."

"ನಹೀ ಪಪ್ಪಾ. ಸಾಕಾಗವಲ್ದು."

ಹೈವೇ ಮೇಲೆ ಹಾರಿಹೋದ ಮಾತಿನ ಬಾಲ ಈ 'ವಲ್ದು' ಇಷ್ಟೇ. ದಾನವ್ವ ಗಾಳಿ ಸಾಲದು, ಬೇಕು ಎಂದಿದ್ದಳು. ಗದಿಗೆಪ್ಪ ನಾಲ್ಕು ತಿಂಗಳು, ಒಂದು ಸಂದಿಯನ್ನೂ ಬಿಡದೆ, ಅದನ್ನು ತಡೆದಿದ್ದ.

ಸಂಜೆ ವಾರ್ಡಿನಲ್ಲಿ ಅವಳ ಮಂಚದ ಪಕ್ಕ ನಿಂತ. ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕು. ಅವನನ್ನು ಕಂಡು ಅವಳೇ ಅದನ್ನು ಸ್ವಲ್ಪ ಸರಿಸಿದಳು.

"ನಾ ತಪ್ಪು ಕೇಳಿಸ್ಕೊಂಡಿದ್ನಲ್ಲ, ಇನ್ನೊಮ್ಮಿ ಯಾಕ ಹೇಳ್ಲಿಲ್ಲ ನೀ?" ಎಂದ ಗದಿಗೆಪ್ಪ.

"ಹೇಳಬೇಕಂತಿದ್ದೆ ರೀ," ಎಂದಳು, ಎರಡೆರಡು ಶಬ್ದಕ್ಕೆ ನಿಲ್ಲುತ್ತ. "ನೀವು ಉಲನ್ ದಾರಾ ಹಚ್ಚಿ... ಅಷ್ಟ ಆಸೇಲೆ ಮಾಡಾಕತ್ತಿದ್ರಿ. ನನ್ನ ಸಲುವಾಗಿ ನೀವು... ಏನಾದ್ರೂ ಕೈಯಾರ ಮಾಡಿದ್ದು ಅದ ಮೊದಲ. ಹೇಳಿದ್ರ ಬಿಚ್ಚಿ ಒಗೀತಿದ್ರಿ."

ಅವನು ಮಾಸ್ಕು ಸರಿಮಾಡಿ, ಮೊದಲ ಸಲ ನಾಲ್ಕು ಜನರೆದುರು ಅವಳ ಕೈ ಹಿಡಿದುಕೊಂಡು ಕೂತ.

ಮೂರನೆಯ ದಿನ ಬೆಳಿಗ್ಗೆ ಅವಳು ಮಾಸ್ಕಿನೊಳಗೇ ಏನೋ ಅಂದಳು. ಗದಿಗೆಪ್ಪ ಬಾಗಿ, "ಏನಂದಿ?" ಎಂದ. ಅವಳು ಮತ್ತೆ ಅಂದಳು. ಯಂತ್ರದ ಗುಂಯ್ ಸದ್ದಿನಲ್ಲಿ ತಿಳಿಯಲಿಲ್ಲ. ಕಿವಿಯನ್ನು ಅವಳ ಬಾಯಿಗೆ ತಾಗಿಸಿ, "ಇನ್ನೊಮ್ಮಿ ಹೇಳ, ಒಂದ ಸಲ" ಎಂದು ಬೇಡಿಕೊಂಡ. ತುಟಿ ಅಲುಗಿತು. ಆಮೇಲೆ ಅದೂ ನಿಂತಿತು. ನರ್ಸು ಬಂದು ಅವನನ್ನು ಹಿಂದೆ ಸರಿಸಿದಳು.

ಮಣ್ಣಾದ ಮೇಲೆ ಊರಿನಿಂದ ದಾನವ್ವನ ಅಕ್ಕ ಸುಂದ್ರವ್ವ ಬಂದಳು. ಅತ್ತು ಹಗುರಾದ ಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದಳು: "ಕಡೀಕ ಏನರ ಅಂದ್ಲೇನಪಾ ನನ್ನ ತಂಗಿ?"

"ಅಂದ್ಲ್ರಿ, ಅಕ್ಕಾ."

"ಏನಂದ್ಲು?"

"ನನಗ ಕೇಳಿಸ್ಲಿಲ್ಲ."

"ಮಗಳನ್ನ ಚಂದಂಗ ನೋಡ್ಕೋ ಅಂದಿರ್ತಾಳ ಬಿಡು," ಎಂದು ಸುಂದ್ರವ್ವ ಸಮಾಧಾನಕ್ಕೆ ಹೇಳಿದಳು. ಸುತ್ತ ಕೂತ ಹೆಂಗಸರೂ ಹೌದೌದು, ತಾಯಿ ಜೀವ, ಮತ್ತೇನು ಅಂದಾಳು ಎಂದರು.

"ಅಂದಿರ್ತಾಳ ಅಂತ ಅನಬ್ಯಾಡ್ರಿ!" ಗದಿಗೆಪ್ಪ ಚೀರಿದ. ಆ ಮನೆಯಲ್ಲಿ ಅವನ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ಯಾರೂ ಕೇಳಿರಲಿಲ್ಲ. "ಏನಂದ್ಲೋ ನನಗ ಗೊತ್ತಿಲ್ಲ. ಮೂರು ಸಲ ಅಂದ್ಲು, ನನಗ ಕೇಳಿಸ್ಲಿಲ್ಲ."