ಇನ್ಸ್‌ಪೆಕ್ಷನ್ ಅಂಕಲ್ ಅವರ ಪುಟ್ಟ ಕ್ಯಾಮರಾ

ಅವರ ಬಲಗೈಯ ತೋರುಬೆರಳು ನನ್ನ ಎರಡು ಬೆರಳು ಸೇರಿಸಿದಷ್ಟು ದಪ್ಪವಿತ್ತು. ಉಗುರು ಚಪ್ಪಟೆ, ತುದಿ ಅಗಲ. ಆ ಬೆರಳಿನಿಂದ ಕಡಲೆಕಾಳಿನಷ್ಟು ಗುಂಡಿಯನ್ನು ಒತ್ತಲು ಹೋದರೆ ಪಕ್ಕದ ಗುಂಡಿಯೂ ಜೊತೆಗೇ ಒತ್ತಿಹೋಗುತ್ತಿತ್ತು. ಫೋಟೋ ತೆಗೆಯಲು ಹೋಗಿ ವಿಡಿಯೋ ಶುರುವಾಗುತ್ತಿತ್ತು. "ಅಯ್ಯೋ, ಮತ್ತೆ ಸಿನಿಮಾ ತೆಗೀತಾ ಇದೆಯಲ್ಲಮ್ಮ ಇದು!" ಎಂದು ಅವರು ಕೂಗಿಕೊಳ್ಳುವುದು ಆ ವಿಡಿಯೋದಲ್ಲೇ ದಾಖಲಾಗಿರುತ್ತಿತ್ತು. ಅಂಥ ಕೈಗೆ ಅಂಥ ಕ್ಯಾಮರಾ ಯಾಕೆ ಬೇಕಿತ್ತೋ! ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಅಂಗಿಯ ಜೇಬಿನಲ್ಲಿ ಪೆನ್ನಿನ ಹಿಂದೆ ಇಟ್ಟರೆ ಕಾಣುತ್ತಲೇ ಇರಲಿಲ್ಲ.

ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಇನ್ಸ್‌ಪೆಕ್ಷನ್ ಅಂಕಲ್ ಎಂದೇ ಕರೆಯುತ್ತಿದ್ದರು. ದೊಡ್ಡದೊಂದು ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾಗಿದ್ದವರು. ಆದರೆ ತಪಾಸಣೆ ಮಾತ್ರ ಅವರಿಂದ ನಿವೃತ್ತಿ ತೆಗೆದುಕೊಂಡಿರಲಿಲ್ಲ. ದರ್ಶಿನಿಯ ದೋಸೆಗೆ ಪಾಸು, ಹೊಸ ಫುಟ್‌ಪಾತಿಗೆ ರಿಜೆಕ್ಟು, ಮನೆಯಲ್ಲಿ ಆಂಟಿ ಮಾಡಿದ ಸಾರಿಗೆ ರೀವರ್ಕು. "ರೀವರ್ಕ್ ನೀವೇ ಮಾಡ್ಕೊಳ್ಳಿ, ಒಲೆ ಅಲ್ಲೇ ಇದೆ" ಎಂದು ಆಂಟಿ ಒಳಗಿನಿಂದಲೇ ಉತ್ತರ ಕೊಡುತ್ತಿದ್ದರು.

ಪೀಣ್ಯದಲ್ಲಿ ಬಾಡಿಗೆ ಶೆಡ್ಡೊಂದು ಹಿಡಿದು, ಎರಡು ಹಳೆಯ ಯಂತ್ರ ಹಾಕಿಕೊಂಡು ನಾನು ವರ್ಕ್‌ಶಾಪ್ ಶುರುಮಾಡಿದ ಮೊದಲ ವಾರವೇ ಅವರು ಬಾಗಿಲಲ್ಲಿ ಪ್ರತ್ಯಕ್ಷರಾದರು. ಹೆಂಗಸು ಲೋಹ ಕಡೆಯುವ ಲೇತ್ ಓಡಿಸುವುದನ್ನು ನೋಡಲು ಬಂದವರು ಬಹಳ ಜನ. ಇವರು ಮಾತ್ರ ನನ್ನನ್ನು ನೋಡಲೇ ಇಲ್ಲ. ಮೇಜಿನ ಮೇಲಿದ್ದ ಜಾಬ್, ಅಂದರೆ ನಾನು ಕಡೆದಿಟ್ಟಿದ್ದ ಲೋಹದ ಬಿಡಿಭಾಗ, ಎತ್ತಿ ಬೆಳಕಿಗೆ ಹಿಡಿದು, "ಫಿನಿಶ್ ಚೆನ್ನಾಗಿದೆ ಕಣಮ್ಮ. ಈ ಮೂಲೆ ಮಾತ್ರ ಸೋಮಾರಿತನ" ಅಂದರು. ಅವತ್ತಿನಿಂದ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಪಾಲಿಶ್ ಮಾಡಿದ ಶೂ ಹಾಕಿಕೊಂಡು ಬರುತ್ತಿದ್ದರು. ಸಂಬಳ ಇಲ್ಲ, ರಜೆಯೂ ಇಲ್ಲ.

ಕ್ಯಾಮರಾ ಕೊಂಡ ದಿನದ ಅವರ ಸಂಭ್ರಮ ನೋಡಬೇಕಿತ್ತು! ಡಬ್ಬಿ ಒಡೆದದ್ದು ನಮ್ಮ ಶೆಡ್ಡಿನಲ್ಲೇ. ಮೊದಲು ಮಾಡಿದ ಕೆಲಸ ಫೋಟೋ ತೆಗೆಯುವುದಲ್ಲ, ನನ್ನ ವರ್ನಿಯರ್ ಕಸಿದುಕೊಂಡು ಅದರ ದಪ್ಪ ಅಳೆದದ್ದು.

"ಡಬ್ಬಿ ಮೇಲೆ ಹದಿನೆಂಟು ಮಿಲಿಮೀಟರ್ ಅಂತ ಬರ್ದಿದ್ದಾರೆ. ಹದಿನೆಂಟೂವರೆ ಇದೆ! ಲೆನ್ಸಿನ ಉಂಗುರ ಬಿಟ್ಟು ಅಳ್ದಿದ್ದಾರೆ ಕಳ್ಳರು!" ಎಂದು ಕುಣಿದಾಡಿದರು. ಮೋಸ ಹೋದ ಬೇಸರ ಒಂದಿಷ್ಟೂ ಇಲ್ಲ, ಮೋಸ ಹಿಡಿದ ಖುಷಿಯೇ ಎಲ್ಲ.

ಅವರ ಡೈರಿಯಲ್ಲಿ ಕ್ಯಾಮರಾಕ್ಕೆಂದು ಎರಡು ಪುಟ ಮೀಸಲಾದವು. ಎಡಪುಟ ಗುಣಕ್ಕೆ, ಬಲಪುಟ ಕೊರತೆಗೆ. ಗುಂಡಿ ಒತ್ತಿದ ಎರಡು ಸೆಕೆಂಡಿನಲ್ಲಿ ಲೆನ್ಸಿನ ಮೂತಿ ಹೊರಗೆ ಚಾಚಿ ತಯಾರಾಗುತ್ತದೆ ಎಂಬುದು ಎಡಕ್ಕೆ ಹೋಯಿತು. ಬಿಸಿಲಿನಲ್ಲಿ ಪರದೆ ಬರೀ ಕರಿಹಲಗೆ, ಏನೂ ಕಾಣುವುದಿಲ್ಲ ಎಂಬುದು ಬಲಕ್ಕೆ. ಆ ಕೊರತೆಗೆ ಅವರೇ ಪರಿಹಾರ ಹುಡುಕಿದ್ದರು: ತಲೆಯ ಮೇಲೆ ಟವೆಲ್ ಹೊದ್ದು, ಹಬೆ ತೆಗೆದುಕೊಳ್ಳುವವರಂತೆ ಬಗ್ಗಿ ಫೋಟೋ ತೆಗೆಯುತ್ತಿದ್ದರು. ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೇ ಕೈಕೊಡುತ್ತಿತ್ತು. ಕತ್ತಲಿನಲ್ಲಿ ತೆಗೆದರೆ ಮುಖದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ಫ್ಲಾಶ್ ಹಾಕಿದರೆ ಆಂಟಿಯ ಕಣ್ಣು ಕೆಂಪು.

"ಫೋನಲ್ಲೇ ಕ್ಯಾಮರಾ ಇದೆಯಲ್ಲ ಅಂಕಲ್, ಇದ್ಯಾಕೆ?" ಎಂದು ಒಮ್ಮೆ ಕೇಳಿದೆ.

"ಫೋನು ತಾನೇ ಚಂದ ಮಾಡಿ ಕೊಟ್ಬಿಡುತ್ತೆ. ಇದು ಇದ್ದದ್ದನ್ನ ಇದ್ದಂಗೆ ತೋರ್ಸುತ್ತೆ. ಇದಕ್ಕೆ ನಾಚಿಕೆ ಇಲ್ಲ!"

ಎಡಪುಟದಲ್ಲಿ ಅವರು ಅಡಿಯಲ್ಲಿ ಎರಡು ಗೆರೆ ಎಳೆದಿದ್ದ ಗುಣ ಒಂದಿತ್ತು. ತೀರಾ ಹತ್ತಿರದ, ಮೂರು ಬೆರಳು ದೂರದ ವಸ್ತುವನ್ನೂ ಅದು ಸ್ಪಷ್ಟವಾಗಿ ಹಿಡಿಯುತ್ತಿತ್ತು. ನಮ್ಮನ್ನು ಮುಳುಗಿಸಲು ಹೊರಟದ್ದೂ ಅದೇ.

ಪಂಪ್ ತಯಾರಿಸುವ ಕಂಪನಿಯೊಂದು ನನಗೆ ಮೊದಲ ದೊಡ್ಡ ಆರ್ಡರ್ ಕೊಟ್ಟಿತ್ತು. ಮೊದಲ ಲಾಟ್ ವಾಪಸ್ ಬಂತು. ಕೊರೆದ ತೂತಿನ ಒಳ ಅಂಚಿನಲ್ಲಿ ಲೋಹದ ಸಣ್ಣ ಮುಳ್ಳು ಉಳಿದಿದೆ ಎಂಬ ದೂರು. ಎರಡನೆಯ ಲಾಟೂ ಹೀಗೇ ಬಂದರೆ ಆರ್ಡರ್ ಬೇರೆಯವರಿಗೆ ಎಂದು ಖಡಾಖಂಡಿತವಾಗಿ ಹೇಳಿದ್ದರು. ಅದು ಹೋದರೆ ಶೆಡ್ ಮುಚ್ಚುವುದೊಂದೇ ನನಗಿದ್ದ ದಾರಿ. ತೂತು ಆಳ, ಕಣ್ಣಿಗೆ ಕಾಣುವುದಿಲ್ಲ, ಭೂತಗನ್ನಡಿ ಇಳಿಯುವುದಿಲ್ಲ. "ನನ್ನ ಕ್ಯಾಮರಾ ನೋಡುತ್ತೆ!" ಎಂದು ಅಂಕಲ್ ಅಂಗಿಯ ತೋಳು ಮಡಚಿದರು.

ಎಷ್ಟು ಅಚ್ಚುಕಟ್ಟು ಅಂತೀರಿ! ಪ್ರತಿ ಜಾಬೂ ಕೂದಲೆಳೆಯಷ್ಟೂ ಆಚೀಚೆ ಆಗದೆ ಒಂದೇ ಜಾಗದಲ್ಲಿ ಕೂರುವಂತೆ ಉಕ್ಕಿನ ತಡೆ ಕಟ್ಟಿದರು. ಕೈ ನಡುಗಬಾರದೆಂದು ಕ್ಯಾಮರಾವನ್ನು ಮರದ ತುಂಡಿಗೆ ಬಿಗಿದು, ಎರಡು ಸೆಕೆಂಡಿನ ಟೈಮರ್ ಹಾಕಿದರು. ಎರಡನೆಯ ಲಾಟಿನ ನಲವತ್ತು ಜಾಬ್, ನಲವತ್ತು ಫೋಟೋ. ಕಂಪ್ಯೂಟರಿನಲ್ಲಿ ತೆರೆದೆವು. ಮೊದಲನೆಯದರಲ್ಲೇ ತೂತಿನ ಒಳಗೋಡೆಯ ಮೇಲೆ ಬಲಕ್ಕೆ ಸಣ್ಣದೊಂದು ಬೂದುಗೆರೆ. ಎರಡನೆಯದರಲ್ಲೂ ಇತ್ತು. ನಲವತ್ತರಲ್ಲೂ ಇತ್ತು.

"ಕ್ರಾಕು," ಅಂದರು ಅಂಕಲ್. "ಎಲ್ಲದ್ರಲ್ಲೂ ಒಂದೇ ಜಾಗ. ಟೂಲ್ ಎಲ್ಲೋ ಕಚ್ತಾ ಇದೆ." ಇಡೀ ಲಾಟಿಗೆ ರಿಜೆಕ್ಟ್ ಎಂಬ ಕೆಂಪು ಚೀಟಿ ಕಟ್ಟಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪಂಪ್ ಕಂಪನಿಯ ಕ್ವಾಲಿಟಿ ಮ್ಯಾನೇಜರ್ ಒಂದು ಕಾಲದಲ್ಲಿ ಇವರ ಕೈಕೆಳಗೆ ಕೆಲಸ ಕಲಿತವನು. ನಾನು ಟೀ ತರಲು ಹೋಗಿ ಬರುವಷ್ಟರಲ್ಲಿ ಅವನಿಗೆ ಫೋನ್ ಮಾಡಿ, ಲಾಟಿನಲ್ಲಿ ಕ್ರಾಕ್ ಇದೆ, ಕಾಯಬೇಡ ಎಂದು ಹೇಳಿಬಿಟ್ಟಿದ್ದರು!

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

"ತಪ್ಪು ಗೊತ್ತಾದ್ಮೇಲೆ ಐದು ನಿಮಿಷ ಮುಚ್ಚಿಟ್ರೂ ಕಳ್ಳತನಾನೇ ಕಣಮ್ಮ."

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದು ಅಂದೆ. "ಕೆಲಸ ಇಲ್ದೋರ ಚಟಕ್ಕೆ ನನ್ನ ಹೊಟ್ಟೆಪಾಡು ಬೇಕಿತ್ತಾ? ನಾಳೆಯಿಂದ ಶೆಡ್ಡಿಗೆ ಬರ್ಬೇಡಿ." ಅವರು ಕ್ಯಾಮರಾವನ್ನು ಜೇಬಿಗೆ ಹಾಕಿಕೊಂಡು ಹೊರಟರು.

ಮಾರನೆಯ ದಿನ ಬೆಳಿಗ್ಗೆ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಅದೇ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಕೂತಿದ್ದೆ. ಗುಂಡಿಯನ್ನು ಒಂದು ಸಲ ಹೆಚ್ಚಿಗೆ ಒತ್ತಿದೆನೇನೋ, ಆಯುಧಪೂಜೆಯ ದಿನ ಶೆಡ್ಡಿನ ಮುಂದೆ ಎಲ್ಲರನ್ನೂ ನಿಲ್ಲಿಸಿ ಅವರು ತೆಗೆದ ಫೋಟೋ ಬಂತು. ಯಂತ್ರಕ್ಕೆ ಹೂವಿನ ಹಾರ, ನಮ್ಮ ಹಣೆಯಲ್ಲಿ ಕುಂಕುಮ, ಮೇಲೆ ಬಿಳಿ ಆಕಾಶ. ಆ ಆಕಾಶದಲ್ಲಿ, ಬಲಕ್ಕೆ, ಅದೇ ಬೂದುಗೆರೆ!

ಎರಡು ಬೀದಿ ಓಡಿದೆ. ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಅವರ ಗೇಟಿನಿಂದಲೇ ಕೂಗಿದೆ: "ಅಂಕಲ್! ಆಕಾಶಕ್ಕೂ ಕ್ರಾಕ್ ಬಿದ್ದಿದೆ!"

ಫೋಟೋದ ಸಂಗತಿಯನ್ನು ಬಿಡಿಸಿ ಹೇಳಿಸಿಕೊಂಡರು. ಆಮೇಲೆ ಕ್ಯಾಮರಾ ಹಿಡಿದು ಫ್ರಿಜ್ಜಿನ ಬಿಳಿ ಬಾಗಿಲಿನ ಫೋಟೋ ತೆಗೆದರು. ಗೆರೆ ಇತ್ತು! ಗೋಡೆಯ ಮೇಲೂ ಇತ್ತು. ಪಾತ್ರೆಯಲ್ಲಿ ಕಾಯಿಸಿಟ್ಟಿದ್ದ ಹಾಲಿನ ಮೇಲೂ ಇತ್ತು. "ಒಳಗೆ ಧೂಳಿನ ಎಳೆ ಹೊಕ್ಕಿದೆ ಕಣೇ! ಮೂತಿ ಚಾಚಿ ಎಳ್ಕೊಳ್ಳುವಾಗ ಧೂಳು ಒಳಗೆ ಎಳ್ಕೊಂಡಿದೆ! ಜಾಬ್ ಅಲ್ಲಾಡ್ದಂಗೆ ಕೂರ್ಸಿದ್ದಕ್ಕೇ ಗೆರೆ ಎಲ್ಲದ್ರಲ್ಲೂ ಒಂದೇ ಜಾಗಕ್ಕೆ ಬಂತು, ನಾನೇ ಮೋಸ ಹೋದೆ. ಅಳೆಯೋ ಗೇಜನ್ನ ಮೊದ್ಲು ಚೆಕ್ ಮಾಡು ಅಂತ ಊರಿಗೆಲ್ಲ ಪಾಠ ಹೇಳ್ದೋನು ನಾನು!" ಎಂದು ತೊಡೆ ತಟ್ಟಿಕೊಂಡು ನಕ್ಕರು. ನಾನೂ ನಕ್ಕೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಡೈರಿ ತರಿಸಿ ಬಲಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು: ಧೂಳು ಕುಡಿಯುತ್ತದೆ.

ಆದರೆ ಇನ್ನೂ ಕೆಲಸ ಬಾಕಿಯಿತ್ತು. ಗೆರೆಯನ್ನು ಲೆಕ್ಕಕ್ಕೆ ಹಿಡಿಯದೆ ನಲವತ್ತು ಫೋಟೋಗಳನ್ನೂ ಮತ್ತೆ ನೋಡಿದರು. ಮೂರರಲ್ಲಿ ಮುಳ್ಳು ನಿಜವಾಗಿಯೂ ಇತ್ತು. ನನಗೆ ಅವನ್ನು ಸುಮ್ಮನೆ ಪಕ್ಕಕ್ಕಿಡುವ ಆಸೆ. ಅವರು ಆ ಮೂರನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ನನ್ನ ಸ್ಕೂಟರಿನ ಹಿಂದೆ ಕೂತರು.

ಪಂಪ್ ಕಂಪನಿಯಲ್ಲಿ ಮ್ಯಾನೇಜರ್ ಎದ್ದು ನಿಂತ. ಸುತ್ತ ಇವರ ಮೊಮ್ಮಕ್ಕಳ ವಯಸ್ಸಿನ ಹುಡುಗ ಹುಡುಗಿಯರು. ಅಂಕಲ್ ನಡೆದದ್ದನ್ನೆಲ್ಲ ಹೇಳಿ ಒಂದು ಹಾಳೆ ಕೇಳಿದರು.

"ಸಾರ್, ಬಾಯಲ್ಲಿ ಹೇಳಿದ್ರೆ ಸಾಕು. ನೀವು ಬರ್ಕೊಡೋದೆಲ್ಲ ಬೇಡ" ಎಂದ ಅವನು.

"ಬೇಕು. ಈ ಹುಡುಗಿ ಕೆಲಸದ ಮೇಲೆ ಕೆಂಪು ಚೀಟಿ ಕಟ್ಟಿದ್ದು ನಾನು. ಬಿಚ್ಚೋನೂ ನಾನೇ."

ಆ ಗೆರೆ ಜಾಬಿನಲ್ಲಲ್ಲ, ನನ್ನ ಕ್ಯಾಮರಾದಲ್ಲಿತ್ತು, ಪರೀಕ್ಷಿಸದೆ ದೂರು ಹೇಳಿದ್ದು ನನ್ನ ತಪ್ಪು ಎಂದು ನಿಂತುಕೊಂಡೇ ಬರೆದು ಸಹಿ ಹಾಕಿದರು. ಆಮೇಲೆ ಕರವಸ್ತ್ರ ಬಿಚ್ಚಿ ಕೆಟ್ಟ ಮೂರನ್ನೂ ಮೇಜಿನ ಮೇಲಿಟ್ಟರು. ಮ್ಯಾನೇಜರ್ ಅವನ್ನು ತಿರುಗಿಸಿ ನೋಡಿ, ನನ್ನನ್ನು ನೋಡಿದ. "ಕೆಟ್ಟದ್ದನ್ನ ತಾವೇ ತಂದುಕೊಡೋ ಶೆಡ್ಡು ಇದೊಂದೇ ಮೇಡಂ. ಈ ಮೂರು ಸರಿ ಮಾಡಿ, ಲಾಟ್ ಕಳ್ಸಿ" ಎಂದ. ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನು ಹಾರ್ನ್ ಹೊಡೆಯುತ್ತಲೇ ಇದ್ದೆ, ಕಾರಣವೇ ಇಲ್ಲದೆ! ಆರ್ಡರ್ ಉಳಿಯಿತು, ಶೆಡ್ಡೂ ಉಳಿಯಿತು. ಈಗ ಅಲ್ಲಿ ಎಂಟು ಯಂತ್ರಗಳಿವೆ.

ಅಂಕಲ್ ಹೋಗಿ ಒಂದು ವರ್ಷವಾಯಿತು. ಬೆಳಿಗ್ಗೆ ಸ್ನಾನ ಮುಗಿಸಿ ಕೂತವರು ಹಾಗೆಯೇ ಹೊರಟುಹೋದರು. ಹದಿಮೂರನೆಯ ದಿನ ಊಟ ಮುಗಿದ ಮೇಲೆ ಆ ಕ್ಯಾಮರಾದ ಕಥೆ ತೆಗೆದು ಆಂಟಿಯನ್ನು ನಗಿಸಲು ಹೋದೆ. ಆಂಟಿ ನಕ್ಕರು. ಆಮೇಲೆ ಹೇಳಿದರು: "ನೀನು ಬರ್ಬೇಡಿ ಅಂದಿದ್ಯಲ್ಲ, ಅವತ್ತು ಊಟ ಮಾಡ್ಲಿಲ್ಲ ಕಣೆ. ಮಾರನೇ ದಿನ ಹತ್ತು ಗಂಟೆಗೆ ಶೂ ಹಾಕ್ಕೊಂಡು ಕುರ್ಚಿ ಮೇಲೆ ಕೂತಿದ್ರು. ಎಲ್ಲಿಗೆ ಹೊರಟ್ರಿ ಅಂದೆ. ಎಲ್ಲಿಗೂ ಇಲ್ಲ ಅಂದ್ರು."

ಆಕಾಶಕ್ಕೆ ಕ್ರಾಕ್ ಬಿದ್ದಿದೆ ಎಂದು ನಾನು ಕೂಗಿಕೊಂಡು ಓಡಿಬಂದದ್ದು ಆ ಹೊತ್ತಿನಲ್ಲೇ. ಆ ಗದ್ದಲದಲ್ಲಿ, ಆ ನಗುವಿನಲ್ಲಿ, ಹಿಂದಿನ ದಿನ ಅಂದ ಮಾತಿಗೆ ಕ್ಷಮಿಸಿ ಎಂದು ಒಂದು ಮಾತನ್ನೂ ಹೇಳಲಿಲ್ಲ. ಆಮೇಲೆ ಅಷ್ಟು ವರ್ಷ ದಿನಾ ಸಿಕ್ಕರೂ ಹೇಳಲಿಲ್ಲ. ಅವರಾದರೋ ತಮ್ಮ ತಪ್ಪನ್ನು ಅಷ್ಟು ಜನರ ಎದುರು, ನಿಂತುಕೊಂಡೇ, ಬರೆದುಕೊಟ್ಟವರು.

ಅಂಕಲ್, ಅವತ್ತು ತಪ್ಪು ನನ್ನದೂ ಇತ್ತು. ಬಾಯಲ್ಲಿ ಹೇಳಿದರೆ ಸಾಲದು ಎಂದು ಬರೆದಿದ್ದೇನೆ.